ಮೈಕಕ್ಕ ಕುರ್ಚಿ ಬಿಟ್ಟೆದ್ದ ಕಾಲ

ಹಳೆಯ ಬಸ್ ನಿಲ್ದಾಣಕ್ಕೆ ಬಂದು ಹೋದವರಿಗೆ ಅವಳ ಮುಖ ನೆನಪಿರಲಾರದು. ದನಿ ಮಾತ್ರ ಮರೆತಿರಲಿಕ್ಕಿಲ್ಲ. ಮೊದಲು ಸ್ವಿಚ್ಚಿನ ಟಕ್ಕೆಂಬ ಸದ್ದು, ಆಮೇಲೆ ಒಂದು ಸಣ್ಣ ಉಸಿರು, ಆಮೇಲೆ "ಪ್ರಯಾಣಿಕರ ಗಮನಕ್ಕೆ". ಆ ಎರಡು ಶಬ್ದ ಕಿವಿಗೆ ಬಿದ್ದರೆ ಪೇಪರ್ ಮಾರುವವನು ತನ್ನ ಕೂಗನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದ, ಅಳುವ ಮಗು ಬಾಯಿ ತೆರೆದುಕೊಂಡೇ ಮೇಲೆ ನೋಡುತ್ತಿತ್ತು. ಎಲ್ಲರೂ ಅವಳನ್ನು ಮೈಕಕ್ಕ ಎನ್ನುತ್ತಿದ್ದರು. ಕೊನೆಕೊನೆಗೆ ಗಂಡನೂ ಹಾಗೇ ಕರೆಯತೊಡಗಿದ್ದ, ತಮಾಷೆಗೆ.

ಅವಳ ಕೋಣೆ ವಿಚಾರಣೆ ಕಿಟಕಿಗೂ ಪಾರ್ಸೆಲ್ ಆಫೀಸಿಗೂ ನಡುವೆ ಸಿಕ್ಕಿಕೊಂಡಿತ್ತು. ಮೊದಲು ಅದಕ್ಕೊಂದು ಕಿಟಕಿ ಇತ್ತಂತೆ. ಪಾರ್ಸೆಲ್ ಆಫೀಸನ್ನು ಹಿಗ್ಗಿಸುವಾಗ ಇಟ್ಟಿಗೆ ಇಟ್ಟು ಮುಚ್ಚಿಬಿಟ್ಟಿದ್ದರು. ಹಾಗಾಗಿ ದಿನವಿಡೀ ಬಸ್ಸುಗಳ ಹೆಸರು ಕರೆಯುವ ಹೆಂಗಸಿಗೆ ಒಂದು ಬಸ್ಸೂ ಕಾಣುತ್ತಿರಲಿಲ್ಲ. ಗೋಡೆಯಲ್ಲಿ ಕೈ ಹಿಡಿಸುವಷ್ಟು ಒಂದು ತೂತು. ಆಚೆಯಿಂದ ಕಂಟ್ರೋಲರ್ ಚೀಟಿ ತೂರಿಸುತ್ತಿದ್ದ, ಇವಳು ಓದುತ್ತಿದ್ದಳು. ಮೇಜಿನ ಮೇಲೆ ಕರವಸ್ತ್ರ ಸುತ್ತಿದ ಮೈಕು, ಬಿಸಿನೀರಿನ ಲೋಟ. ಮೂಲೆಯಲ್ಲಿ ಹಳೆಯ ಆಂಪ್ಲಿಫೈಯರು. ಅದು ಕಾದಾಗ ಬೆಚ್ಚಗಿನ ಧೂಳಿನ ವಾಸನೆ ಬರುತ್ತಿತ್ತು, ಅದರ ಮೇಲೆ ನಿಲ್ದಾಣದ ಬೆಕ್ಕು ಮೈಚೆಲ್ಲಿ ಮಲಗಿರುತ್ತಿತ್ತು. ಎಷ್ಟೋ ಸಲ ಪ್ರಕಟಣೆಯ ನಡುವೆ ಬೆಕ್ಕಿನ ಗುರುಗುಟ್ಟುವಿಕೆಯೂ ನಿಲ್ದಾಣದ ತುಂಬ ಕೇಳಿ, ಜನ ಮೈಕು ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ಕೆಲಸಕ್ಕೆ ಸೇರಿದಾಗ ಅವಳಿನ್ನೂ ಚಿಕ್ಕವಳು. ಪರೀಕ್ಷೆ ಮಾಡಿದ ಅಧಿಕಾರಿ ಕಣ್ಣು ಮುಚ್ಚಿಕೊಂಡು ಅವಳ ದನಿ ಕೇಳಿ, ಕಣ್ಣು ತೆರೆಯುವ ಮೊದಲೇ "ಆಯ್ತು" ಅಂದಿದ್ದರು. ಮನೆಯಲ್ಲಿ ಹಿಗ್ಗೋ ಹಿಗ್ಗು. ಫ್ಯಾನಿನ ಕೆಳಗೆ ಕೂತು ಮಾತಾಡಿದರೆ ಸಂಬಳ ಕೊಡುತ್ತಾರೆಂದರೆ ಇದಕ್ಕಿಂತ ಇನ್ನೇನು ಬೇಕು! ಆ ಕೋಣೆಯಲ್ಲಿ ಆಗಲೇ ಹಿರಿಯ ಹೆಂಗಸೊಬ್ಬರು ಇದ್ದರು. ಅವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಕೆಲಸ ಕಲಿಸಿದವರು ಅವರೇ. ಮೊದಲ ದಿನ ಹುಡುಗಿ ಸ್ವಿಚ್ಚು ಒತ್ತಲು ಹಿಂಜರಿಯುವುದನ್ನು ಕಂಡು ಅವರು ಬೆನ್ನು ಸವರಿದ್ದರು.

"ಹೆದರ್ಕೋಬೇಡ. ಯಾರೂ ನಿನ್ನ ನೋಡ್ತಿಲ್ಲ."

ಆಗ ಆ ಮಾತು ಎಂಥ ಧೈರ್ಯ ಕೊಟ್ಟಿತ್ತು! ಅದೇ ಮಾತು ವರ್ಷಗಳು ಉರುಳಿದ ಹಾಗೆ ಗಂಟಲಲ್ಲಿ ಸಿಕ್ಕ ಮುಳ್ಳಿನಂತಾಯಿತು. ಯಾರೂ ನೋಡುವುದಿಲ್ಲ. ಯಾರೂ ತಿರುಗಿ ಮಾತಾಡುವುದಿಲ್ಲ. ಸಾವಿರಾರು ಜನರ ಕಿವಿಯಲ್ಲಿ ಮಾತಾಡಿದರೂ ಒಬ್ಬರಿಂದಲೂ "ಹೂಂ" ಎಂಬ ಉತ್ತರವಿಲ್ಲ. ಊರುಗಳ ಹೆಸರು ಮಗ್ಗಿಯ ಹಾಗೆ ಬಾಯಿಗೆ ಅಂಟಿಕೊಂಡಿತ್ತು. ಹೇಳಿ ಹೇಳಿ ಅವೆಲ್ಲ ಊರುಗಳೆಂಬುದೇ ಮರೆತುಹೋಗಿತ್ತು.

ಮನೆಗೆ ಬಂದರೆ ಅವಳಿಗೆ ಮಾತು ಬೇಡವಾಗುತ್ತಿತ್ತು. ಗಂಡ ಪುಸ್ತಕದ ಬೈಂಡಿಂಗ್ ಮಾಡುವವನು. ಮುಂದಿನ ಕೋಣೆಯೇ ಅವನ ಕಾರ್ಖಾನೆ. ಅಂಟಿನ ವಾಸನೆ, ರಟ್ಟಿನ ಚೂರು, ಎಲ್ಲೆಲ್ಲೂ ದಾರ. ಅವನೂ ಮಿತಭಾಷಿ. ಹೀಗಾಗಿ ಮನೆಯಲ್ಲಿ ಬಾಯಿ ಇದ್ದವರು ಇಬ್ಬರೇ, ಅತ್ತೆ ಮತ್ತು ಮಗಳು. ಅತ್ತೆ ಏನಾದರೂ ಕೇಳಿದರೆ ಮೈಕಕ್ಕ ತಲೆಯಾಡಿಸಿ ಮುಗಿಸುತ್ತಿದ್ದಳು. ತೀರಾ ಬಾಯಿ ಬಿಡಬೇಕಾಗಿ ಬಂದಾಗ ಅದೇ ಮೈಕಿನ ರಾಗ ಬಂದುಬಿಡುತ್ತಿತ್ತು. "ಊಟಕ್ಕೆ ಬನ್ನಿ" ಎಂದರೂ ಯಾವುದೋ ಬಸ್ಸು ಹೊರಡಲಿದೆ ಎಂಬ ಹಾಗೆ ಕೇಳಿಸುತ್ತಿತ್ತು. ಮಗಳು ಬಾಚಣಿಗೆಯನ್ನು ಬಾಯಿಗೆ ಹಿಡಿದು, "ಪ್ರಯಾಣಿಕರ ಗಮನಕ್ಕೆ, ಅಜ್ಜಿ ಸ್ನಾನದ ಮನೆಯಿಂದ ಇನ್ನೂ ಹೊರಟಿಲ್ಲ, ದಯವಿಟ್ಟು ಸಹಕರಿಸಿ" ಎಂದು ಅಣಕಿಸುವಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಮೈಕಕ್ಕನೂ ನಗುತ್ತಿದ್ದಳು, ಒಳಗೆ ಏನೋ ಚುಳ್ಳೆನ್ನುತ್ತಿತ್ತು.

ಕೆಲಸ ಬಿಡುವ ಮಾತು ಮೊದಲ ಸಲ ಬಾಯಿಗೆ ಬಂದದ್ದು ಸಿಟ್ಟಿನಲ್ಲಿ. ಚೀಟಿಯಲ್ಲೇ ಪ್ಲಾಟ್‌ಫಾರ್ಮ್ ತಪ್ಪಾಗಿತ್ತು; ಜನ ಗಂಟುಮೂಟೆ ಹೊತ್ತು ಆ ತುದಿಯಿಂದ ಈ ತುದಿಗೆ ಓಡಿ ಏದುಸಿರು ಬಿಟ್ಟರು. ಬೈಸಿಕೊಂಡದ್ದು ಮಾತ್ರ ಇವಳು. ಮನೆಗೆ ಬಂದವಳೇ ಚಪ್ಪಲಿ ಮೂಲೆಗೆ ಎಸೆದು, "ನಾಳೆಯಿಂದ ಹೋಗಲ್ಲ" ಅಂದಳು.

ಗಂಡ ಸೂಜಿಗೆ ದಾರ ಪೋಣಿಸುತ್ತಲೇ, "ಆಗ್ಲಿ. ಆಮೇಲೆ?" ಎಂದ.

"ಆಮೇಲೆ ಅಂದ್ರೆ?"

"ಏನಿಲ್ಲ, ಸುಮ್ನೆ ಕೇಳ್ದೆ."

ಮರುದಿನ ಬೆಳಿಗ್ಗೆ ಅದೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟಳು. ವಿಷಯ ಕೇಳಿ ದೊಡ್ಡಕ್ಕ ನಕ್ಕರು.

"ನಾನೂ ಮನಸ್ಸಲ್ಲೇ ಈ ಕೆಲಸ ಎಷ್ಟು ಸಲ ಬಿಟ್ಟಿದ್ದೀನೋ! ಸಿಟ್ಟು ಬಂದ ದಿನ ಬಿಡಬಾರದು ಕಣೇ. ಸಿಟ್ಟು ಇಳಿದ ಮೇಲೆ ಬರೀ ಕೆಲಸ ನೆನಪಾಗುತ್ತೆ."

"ಮತ್ತೆ ಯಾವಾಗ ಬಿಡಬೇಕು?"

"ಅದು ಗೊತ್ತಿದ್ರೆ ನಾನಿಲ್ಲಿ ಯಾಕೆ ಇರ್ತಿದ್ದೆ?" ಎಂದು ದೊಡ್ಡಕ್ಕ ಮೈಕಿನ ಕರವಸ್ತ್ರ ಬದಲಾಯಿಸಿದರು.

ಆಮೇಲೆ ಒಂದಲ್ಲ ಒಂದು ನೆಪ. ಮಗಳು ಶಾಲೆಗೆ ಸೇರಲಿ. ಅತ್ತೆಯ ಕಣ್ಣಿನ ಆಪರೇಷನ್ ಮುಗಿಯಲಿ. ಮಾಡಿಗೆ ಹೊಸ ತಗಡು ಹೊದಿಸಿಬಿಡೋಣ. ಇದೊಂದು ಮುಗಿಯಲಿ, ಇದೊಂದು ಮುಗಿಯಲಿ ಎನ್ನುತ್ತಲೇ ಕೂದಲಲ್ಲಿ ಬಿಳಿ ಎಳೆ ಕಾಣಿಸಿಕೊಂಡಿತು. ಯಾರ ಹತ್ತಿರ ಹೇಳಿಕೊಂಡರೂ ಅದೇ ಪ್ರಶ್ನೆ: "ನಿಂಗೇನಮ್ಮಾ ಕಷ್ಟ?" ನಿಜವೇ, ಕಷ್ಟವೇನೂ ಇರಲಿಲ್ಲ. ಕಷ್ಟವಿದ್ದಿದ್ದರೆ ಬಿಡುವುದು ಸಲೀಸಾಗುತ್ತಿತ್ತು.

ಅಷ್ಟರಲ್ಲಿ ದೊಡ್ಡಕ್ಕನ ನಿವೃತ್ತಿ ಬಂತು. ನಿಲ್ದಾಣದ ಹಿಂದಿನ ವಿಶ್ರಾಂತಿ ಕೋಣೆಯಲ್ಲಿ ಎಲ್ಲರೂ ಸೇರಿದರು. ಹೂವಿನ ಗುಚ್ಛ, ಬಿಸ್ಕತ್ತು, ಟೀ. ಡ್ರೈವರುಗಳು ಹಾಡು ಹೇಳಿದರು, ಕಂಟ್ರೋಲರ್ ಉದ್ದುದ್ದ ಭಾಷಣ ಬಿಗಿದ. ಕೊನೆಗೆ ದೊಡ್ಡಕ್ಕನಿಗೆ ಮೈಕು ಕೊಟ್ಟು ನಾಲ್ಕು ಮಾತು ಆಡಿ ಎಂದರು. ದೊಡ್ಡಕ್ಕ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. "ಪ್ರಯಾಣಿಕರ ಗಮನಕ್ಕೆ" ಎಂದರು.

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ದೊಡ್ಡಕ್ಕನೂ ನಕ್ಕರು. ನಗು ನಿಂತ ಮೇಲೆ ಎಲ್ಲರೂ ಮುಂದಿನ ಮಾತಿಗೆ ಕಾದರು. ಅವರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಎದುರಿಗೆ ಅಷ್ಟೊಂದು ಮುಖ! ಏನೂ ಹೊರಡಲಿಲ್ಲ. ಮೈಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೂತುಬಿಟ್ಟರು. ಜನ ಚಪ್ಪಾಳೆ ತಟ್ಟಿದರು, ಪಾಪ ಗಂಟಲು ಕಟ್ಟಿತು ಎಂದುಕೊಂಡರು. ಗಂಟಲು ಕಟ್ಟಿದ್ದಲ್ಲ ಎಂಬುದು ಮೈಕಕ್ಕನಿಗೆ ಗೊತ್ತಿತ್ತು. ಅವಳ ಕೈಯಲ್ಲಿದ್ದ ಟೀ ಆರಿ ತಣ್ಣಗಾಯಿತು.

ಅದಾಗಿ ಸ್ವಲ್ಪ ಕಾಲಕ್ಕೆ ಆ ಅಜ್ಜಿ ಬಂದದ್ದು. ಬಂದದ್ದು ಎನ್ನುವುದಕ್ಕಿಂತ ನುಗ್ಗಿದ್ದು ಎನ್ನಬೇಕು. ಒಂದು ಮಧ್ಯಾಹ್ನ ಕೋಣೆಯ ಬಾಗಿಲು ದಢಾರನೆ ತೆರೆದುಕೊಂಡಿತು. ಬೆಕ್ಕು ನೆಗೆದು ಮೇಜಿನಡಿ ಸೇರಿತು. ಬಾಗಿಲಲ್ಲಿ ಒಂದು ದೊಡ್ಡ ಹತ್ತಿದಿಂಬು, ಅದನ್ನು ತಬ್ಬಿಕೊಂಡು ಹಿಂದೊಂದು ಸಣ್ಣ ಅಜ್ಜಿ.

"ನೀನೇನಾ ಆ ಸುಳ್ಳು ಹೇಳೋಳು?"

"ಯಾವ ಸುಳ್ಳು ಅಜ್ಜಿ?"

"ಬೆಳಗ್ಗೆಯಿಂದ ಈಗ ಬರುತ್ತೆ, ಈಗ ಬರುತ್ತೆ ಅಂತಿದ್ದೀಯಲ್ಲ, ಎಲ್ಲಿದೆ ನನ್ನ ಗಾಡಿ?"

"ನನಗೆ ಚೀಟಿ ಬರುತ್ತೆ, ಓದ್ತೀನಿ. ಗಾಡಿ ಎಲ್ಲಿದೆ ಅಂತ ನನಗೂ ಗೊತ್ತಿಲ್ಲ ಅಜ್ಜಿ."

"ಗೊತ್ತಿಲ್ದೇನೇ ಇಷ್ಟು ಚೆನ್ನಾಗಿ ಹೇಳ್ತೀಯಾ?" ಅಜ್ಜಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ದೊಡ್ಡಕ್ಕನ ಖಾಲಿ ಕುರ್ಚಿಯಲ್ಲಿ ದಿಂಬು ಸಮೇತ ಕೂತಳು. ಮೈಕಕ್ಕ ಕುಡಿಯಲು ಬಿಸಿನೀರು ಕೊಟ್ಟಳು. ದಿಂಬು ಅಜ್ಜಿಯ ಅಕ್ಕನಿಗಂತೆ. ಅಕ್ಕನಿಗೆ ಕುತ್ತಿಗೆ ನೋವು; ಅಂಗಡಿಯ ದಿಂಬು ಕಲ್ಲಿನ ಹಾಗಿರುತ್ತದೆಂದು ತಂಗಿ ತಾನೇ ಹತ್ತಿ ಬಿಡಿಸಿ ಹೊಲಿದಿದ್ದಳು. ಅಕ್ಕ ಮಗನ ಮನೆಗೆ ಹೋದ ಮೇಲೆ ಇದೇ ಮೊದಲ ಸಲ ನೋಡಲು ಹೊರಟಿದ್ದಳು.

"ನದಿ ದಾಟಿದ ಮೇಲೆ ಇಳೀಬೇಕಂತೆ. ಇಳಿದು ಎಡಕ್ಕೋ ಬಲಕ್ಕೋ? ಹೆಂಚಿನ ಕಾರ್ಖಾನೆ ಹಿಂದೆ ಮನೆ ಅಂತಾರೆ."

"ನಾನು ಹೋಗಿಲ್ಲ ಅಜ್ಜಿ."

"ದಿನಾ ಕರೀತೀಯಲ್ಲ ಆ ಊರನ್ನ!"

"ಕರೀತೀನಿ. ಹೋಗಿಲ್ಲ."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಲೋಟದಲ್ಲಿ ಉಳಿದಿದ್ದ ಬಿಸಿನೀರನ್ನು ಅವಳತ್ತ ಸರಿಸಿದಳು. ಅಷ್ಟು ಹೊತ್ತಿನ ಬೈಗುಳಕ್ಕಿಂತ ಅದೇ ಮೈಕಕ್ಕನಿಗೆ ಹೆಚ್ಚು ತಾಗಿತು.

ಅವಳ ಪಾಳಿ ಮುಗಿಯುವುದಕ್ಕೂ ಆ ಗಾಡಿ ಬರುವುದಕ್ಕೂ ಸರಿಹೋಯಿತು. ಮೈಕಕ್ಕ ಮನೆಗೆಂದು ಹೊರಬಿದ್ದಾಗ ಅಜ್ಜಿ ಬಸ್ಸಿನ ಮೆಟ್ಟಿಲಲ್ಲಿ ದಿಂಬಿನೊಂದಿಗೆ ಒದ್ದಾಡುತ್ತಿದ್ದಳು. ಅಜ್ಜಿ ಒಳಗೆ ಹೋದರೆ ದಿಂಬು ಹೊರಗೆ, ದಿಂಬು ಒಳಗೆ ಹೋದರೆ ಅಜ್ಜಿ ಹೊರಗೆ. ಹಿಂದಿದ್ದವರು ಗೊಣಗುತ್ತಿದ್ದರು. ಮೈಕಕ್ಕ ದಿಂಬು ಎತ್ತಿಕೊಂಡು ಹತ್ತಿದಳು. ಅಜ್ಜಿಯನ್ನು ಕೂರಿಸಿದಳು, ದಿಂಬನ್ನು ತೊಡೆಯ ಮೇಲಿಟ್ಟಳು. ಗಾಡಿ ಗುಡುಗುಡು ಎಂದು ಅಲುಗಿತು.

"ಅಮ್ಮಾ, ಇಳೀತೀರಾ?" ಎಂದ ಕಂಡಕ್ಟರ್.

ಇಳಿಯುತ್ತೇನೆ ಎಂದೇ ಅವಳು ಬಾಯಿ ತೆರೆದದ್ದು. ಹೊರಗೆ ಬಂದ ಮಾತು ಬೇರೆ. "ಒಂದು ಟಿಕೆಟ್ ಕೊಡಿ."

ಅದು ಆ ನಿಲ್ದಾಣಕ್ಕೇ ಬಂದು ಹೋಗುತ್ತಿದ್ದ ಖಾಸಗಿ ಬಸ್ಸುಗಳಲ್ಲೊಂದು. ಡ್ರೈವರನೇ ಯಜಮಾನ, ಕಂಡಕ್ಟರ್ ಅವನ ಬಾಮೈದ. ಬಾಮೈದನಿಗೆ ನೆಗಡಿಯಾಗಿ ಗಂಟಲು ಪೂರ್ತಿ ಕೂತುಹೋಗಿತ್ತು. ಅವನು ಸ್ಟಾಪುಗಳ ಹೆಸರು ಕೂಗಿದರೆ ಪಕ್ಕದವನಿಗೂ ಕೇಳಿಸುತ್ತಿರಲಿಲ್ಲ. ಒಬ್ಬಾಕೆ ತನ್ನ ಸ್ಟಾಪ್ ದಾಟಿಹೋಯಿತೆಂದು ರಂಪ ಮಾಡಿದಳು. ಮೈಕಕ್ಕನಿಗೆ ತಡೆಯಲಾಗಲಿಲ್ಲ. ಮುಂದಿನ ಸ್ಟಾಪಿನ ಹೆಸರನ್ನು ಅವನಿಂದ ಕೇಳಿಕೊಂಡು ತಾನೇ ಕೂಗಿದಳು.

ಬಸ್ಸಿನ ಅಷ್ಟೂ ತಲೆ ಹಿಂದಕ್ಕೆ ತಿರುಗಿತು. "ಅಯ್ಯೋ, ನೀವೇನಾ!" ಎಂದಳೊಬ್ಬ ಹೆಂಗಸು. "ನಾನು ಎತ್ತರದ ಆಳು ಅಂದ್ಕೊಂಡಿದ್ದೆ!" ಒಬ್ಬ ಮುದುಕ, "ನನ್ನ ಮಗಳ ಮದುವೆಗೆ ಹೋಗೋ ದಿನ ನೀವೇ ಅಲ್ವಾ ಗಾಡಿ ರದ್ದು ಅಂದಿದ್ದು?" ಎಂದು ಹಳೆಯ ಲೆಕ್ಕ ತೆಗೆದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಪ್ರತಿ ಸ್ಟಾಪಿಗೂ ಅವಳು ಕೂಗಿದಳು, ಪ್ರತಿ ಸಲವೂ ಯಾರಾದರೂ "ಹೂಂ, ನಾನು ಇಳೀಬೇಕು" ಎನ್ನುತ್ತಿದ್ದರು. ಹೂಂ! ಎಷ್ಟು ವರ್ಷದ ಮೇಲೆ ಕಿವಿಗೆ ಬಿದ್ದ ಉತ್ತರ.

ಅಷ್ಟುದ್ದದ ಹೆಸರಿನ ಆ ಊರು ಬಹಳ ದೊಡ್ಡದಿರಬೇಕೆಂದು ಅವಳು ಅಂದುಕೊಂಡಿದ್ದಳು. ನೋಡಿದರೆ ಒಂದು ಸೇತುವೆ, ಒಂದು ಸೈಕಲ್ ಅಂಗಡಿ, ಬಟ್ಟೆ ಒಣಹಾಕಿದ ನಾಲ್ಕು ಬೀದಿ. ಹೆಂಚಿನ ಕಾರ್ಖಾನೆ ಬಲಕ್ಕಿತ್ತು. ಬಾಗಿಲಲ್ಲಿ ಕುತ್ತಿಗೆ ಓರೆ ಮಾಡಿಕೊಂಡು ನಿಂತಿದ್ದ ಮುದುಕಿ ತಂಗಿಯನ್ನು ಕಂಡೊಡನೆ, "ಇಷ್ಟು ಹೊತ್ತಾ?" ಎಂದು ಬೈದಳು. ತಂಗಿ ಮೈಕಕ್ಕನತ್ತ ಬೆರಳು ತೋರಿ, "ಇವಳನ್ನೇ ಕೇಳು" ಎಂದಳು.

ಅದೇ ಬಸ್ಸಿನಲ್ಲಿ ವಾಪಸ್ಸು ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಬಾಗಿಲಲ್ಲಿ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಮೈಕಕ್ಕ ಒಳಗೆ ಬಂದವಳೇ ಗಂಡನ ಎದುರು ಕುಕ್ಕರಿಸಿ ಶುರು ಮಾಡಿದಳು. ಅಜ್ಜಿ, ದಿಂಬು, ನೆಗಡಿ, ಮುದುಕನ ಮಗಳ ಮದುವೆ, ನದಿಯಲ್ಲಿ ಎಮ್ಮೆ ಈಜುತ್ತಿದ್ದದ್ದು. ಗಂಡನ ಕೈಯಲ್ಲಿದ್ದ ಬ್ರಷ್ಷಿನ ಅಂಟು ಒಣಗಿಹೋಯಿತು.

"ಏನಾಯ್ತು? ಹಾಗೆ ನೋಡ್ತೀರಲ್ಲ?" ಎಂದಳು.

"ಏನಿಲ್ಲ. ಮದುವೆಯಾದ ಹೊಸದರಲ್ಲಿ ಹಿಂಗೇ ಮಾತಾಡ್ತಿದ್ದೆ," ಎಂದ ಅವನು.

ಹಾಗೆಂದು ಮರುದಿನವೇ ಕೆಲಸ ಬಿಟ್ಟಳು ಎಂದುಕೊಳ್ಳಬೇಡಿ. ಅವಳು ಅಂಥ ದುಡುಕಿನವಳಲ್ಲ. ರಜೆಯ ದಿನಗಳಲ್ಲಿ ಆ ಬಸ್ಸು ಹತ್ತಿ ಹೋಗಿ ಬರತೊಡಗಿದಳು. ಬಾಮೈದ ಟೈರಿನ ಅಂಗಡಿ ಇಡಬೇಕೆಂದು ಹಟ ಹಿಡಿದಿದ್ದ. ಬಸ್ಸಿನ ಯಜಮಾನ ಒಂದು ದಿನ ಅರ್ಧ ತಮಾಷೆಗೆ, "ನೀವೇ ಬಂದ್ಬಿಡಿ ಅಕ್ಕಾ. ಸಂಬಳ ಅಷ್ಟು ಬರಲ್ಲ, ಕುರ್ಚಿಯಂತೂ ಇಲ್ಲವೇ ಇಲ್ಲ" ಎಂದ. ಅವಳು ಆ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಓಡಾಡಿದಳು. ನೆಮ್ಮದಿಯ ಕೆಲಸದಲ್ಲಿ ಬೇಸತ್ತು ಹೀಗನ್ನಿಸುತ್ತಿದೆಯೋ, ನಿಜವಾಗಿ ಬೇಕೆನಿಸುತ್ತಿದೆಯೋ? ಗೊತ್ತಾಗುತ್ತಿರಲಿಲ್ಲ.

ಗೊತ್ತಾದದ್ದು ಒಂದು ಒಳ್ಳೆಯ ದಿನ. ಅವತ್ತು ಮೇಲಧಿಕಾರಿಗಳು ಬಂದಿದ್ದರು. ಕಂಟ್ರೋಲರ್ ಅವರೆದುರು ಅವಳನ್ನು ಬಾಯ್ತುಂಬ ಹೊಗಳಿದ. ದೊಡ್ಡಕ್ಕನ ಜಾಗಕ್ಕೆ ಅವಳನ್ನೇ ನೇಮಿಸುತ್ತೇವೆ ಎಂದರು ಅವರು. ಹೊಸ ಮೆತ್ತೆಯ ಕುರ್ಚಿಯೂ ಬಂತು. ಕೂತು ನೋಡಿದಳು, ಹಾಯಾಗಿತ್ತು. ಬೆಕ್ಕು ಬಂದು ತೊಡೆ ಏರಿತು. ಅವಳಿಗೆ ಯಾರ ಮೇಲೂ ಒಂದು ಚೂರು ಕೋಪವಿರಲಿಲ್ಲ. ಮನಸ್ಸು ತುಂಬಿ ಬಂದಿತ್ತು. ಅಂಥ ಹೊತ್ತಿನಲ್ಲೂ ಅವಳು ಯೋಚಿಸುತ್ತಿದ್ದದ್ದು ಒಂದನ್ನೇ: ಆ ಗಾಡಿ ಈಗ ಸೇತುವೆ ಹತ್ತಿರ ಬಂದಿರಬೇಕು.

ಬೆಕ್ಕನ್ನು ಕೆಳಗಿಳಿಸಿ ಎದ್ದು ಕಂಟ್ರೋಲರ್ ಕೋಣೆಗೆ ಹೋಗಿ, ಕೆಲಸ ಬಿಡುತ್ತೇನೆ ಎಂದಳು. ಅವನು ಹೌಹಾರಿದ.

"ಯಾಕಮ್ಮ, ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಸಾರ್. ಯಾರೂ ಏನೂ ಅಂದಿಲ್ಲ. ಅದಕ್ಕೇ ಇವತ್ತು ಹೇಳ್ತಿದ್ದೀನಿ."

ಮನೆಯಲ್ಲಿ ಗಂಡ ಈ ಸಲವೂ "ಆಮೇಲೆ?" ಎಂದ. ಅವಳು ಹೇಳಿದಳು. ಅವನು ತಲೆಯಾಡಿಸಿ, ಕಂಡಕ್ಟರನ ಹೆಗಲಿಗೆ ಬೇಕಲ್ಲ ಎಂದು, ಬೈಂಡಿಂಗಿಗೆ ತಂದಿದ್ದ ಗಟ್ಟಿ ಕ್ಯಾನ್ವಾಸಿನಲ್ಲಿ ಚೀಲ ಹೊಲಿಯಲು ಕೂತ. ಅತ್ತೆ ಮಾತ್ರ ಬೀದಿಗೆಲ್ಲ ಕೇಳುವ ಹಾಗೆ, "ಕೂತು ತಿನ್ನೋ ಕೆಲಸ ಬಿಟ್ಟು ನಿಂತು ತಿನ್ನೋ ಕೆಲಸಕ್ಕೆ ಹೋಗ್ತಾಳಂತೆ!" ಎಂದು ಕೂಗಾಡಿದಳು.

ಅತ್ತೆಯ ಮಾತು ಪೂರ್ತಿ ಸುಳ್ಳೇನಲ್ಲ. ಮೊದಮೊದಲು ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಚಿಲ್ಲರೆಗಾಗಿ ಜನ ಜುಟ್ಟು ಹಿಡಿಯುವಷ್ಟು ಜಗಳಕ್ಕೆ ಬಂದರು. ತಿರುವಿನಲ್ಲಿ ಎಷ್ಟೋ ಸಲ ಯಾರ್ಯಾರದೋ ತೊಡೆಯ ಮೇಲೆ ಕೂತಳು. ಹಳೆಯ ಕುರ್ಚಿ ನೆನೆದು ಕಣ್ಣೀರು ಹಾಕಿದ್ದೂ ಉಂಟು. ಅತ್ತೆ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಾ, ತಿಕ್ಕಿದಷ್ಟು ಹೊತ್ತೂ ಬೈದಳು. ಕೆಲವು ತಿಂಗಳು ಕಳೆದ ಮೇಲೆ ಅದೇ ಅತ್ತೆ ಹೊಸ ಸೀರೆ ಉಟ್ಟು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು, ಅಕ್ಕಪಕ್ಕದವರಿಗೆಲ್ಲ "ನಮ್ಮ ಸೊಸೆ" ಎಂದು ಪರಿಚಯ ಮಾಡಿಸಿದಳು. ಟಿಕೆಟ್ ಕೇಳಿದಾಗ ಮಾತ್ರ ಕಿಟಕಿಯಾಚೆ ನೋಡಿದಳು.

ಈಗ ಮೈಕಕ್ಕನಿಗೂ ವಯಸ್ಸಾಗಿದೆ, ಬಸ್ಸು ಬಿಟ್ಟು ಮನೆಯಲ್ಲಿದ್ದಾಳೆ. ಹಳೆಯ ನಿಲ್ದಾಣವನ್ನು ಕೆಡವಿ ಹೊಸದು ಕಟ್ಟಿದ್ದಾರೆ, ಅಲ್ಲಿ ಯಂತ್ರ ಮಾತಾಡುತ್ತದೆ. ಉಸಿರು ಎಳೆಯದ ದನಿ. ಅದನ್ನು ಕೇಳಿದಾಗಲೆಲ್ಲ ಅವಳಿಗೆ ಆ ಕಿಟಕಿಯಿಲ್ಲದ ಕೋಣೆ ಕಣ್ಣಿಗೆ ಕಟ್ಟುತ್ತದೆ. ಬೆಚ್ಚಗಿನ ಧೂಳಿನ ವಾಸನೆ, ಬಿಸಿನೀರಿನ ಲೋಟ, ಬಿಡುವಿನಲ್ಲಿ ದೊಡ್ಡಕ್ಕ ಬಾಚಿ ಕೊಡುತ್ತಿದ್ದ ಜಡೆ. ಬೇಡವೆಂದು ಬಿಟ್ಟುಬಂದ ಜಾಗ ಇಷ್ಟು ನೆನಪಾಗಬಹುದೆಂದು ಅವಳು ಅಂದುಕೊಂಡಿರಲಿಲ್ಲ. ಬಿಟ್ಟದ್ದಕ್ಕೆ ಮರುಗುವುದಿಲ್ಲ, ಅಲ್ಲಿದ್ದದ್ದಕ್ಕೂ ಈಗ ಮರುಗುವುದಿಲ್ಲ, ಅಷ್ಟೇ.

ಹೆಚ್ಚಾಗಿ ನೆನಪಾಗುವುದು, ದೊಡ್ಡಕ್ಕ ಅವಳ ಬಸ್ಸಿಗೆ ಬಂದ ದಿನ. ನಿವೃತ್ತರಾದ ಮೇಲೆ ದೊಡ್ಡಕ್ಕ ಮನೆಯಿಂದ ಹೊರಬೀಳುವುದನ್ನೇ ಬಿಟ್ಟಿದ್ದರು. ಅಂಥವರು ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಯಲ್ಲಿ ಒಂದು ಕೊಡೆ ಹಿಡಿದು ಮೆಟ್ಟಿಲು ಹತ್ತಿದರು.

"ಎಲ್ಲಿಗೆ ದೊಡ್ಡಕ್ಕಾ?"

"ಎಲ್ಲಿಗಾದ್ರೂ ಕೊಡು."

ಮೈಕಕ್ಕ ಅವರನ್ನು ಕಿಟಕಿ ಪಕ್ಕ ಕೂರಿಸಿದಳು. ಪ್ರತಿ ಊರು ಬಂದಾಗಲೂ ಮೈಕಕ್ಕ ಹೆಸರು ಕೂಗುವ ಮೊದಲೇ ದೊಡ್ಡಕ್ಕ ತುಟಿಯಲ್ಲೇ ಅದನ್ನು ಹೇಳಿಕೊಂಡು, ಕುತ್ತಿಗೆ ಚಾಚಿ ಹೊರಗೆ ನೋಡುತ್ತಿದ್ದರು. "ಓ, ಇದಾ? ಇಷ್ಟೇನಾ?" ಎನ್ನುವರು. ಇನ್ನೊಂದು ಕಡೆ, "ಅಬ್ಬಾ, ಇದನ್ನ ನಾನು ಎಷ್ಟು ಬೇಗ ಬೇಗ ಹೇಳಿ ಮುಗಿಸ್ತಿದ್ದೆ, ಪಾಪ" ಎನ್ನುವರು. ನಡುವೆ ಎಲ್ಲೋ ಹಳ್ಳದ ಮೇಲೊಂದು ಮೋರಿ, ಒಂದು ದೊಡ್ಡ ಮರ, ಪಕ್ಕದಲ್ಲಿ ಹಣ್ಣಿನ ಗಾಡಿ. ಅಲ್ಲಿ ದೊಡ್ಡಕ್ಕ ಎದ್ದು ನಿಂತರು.

"ಇಲ್ಲಿ ಇಳೀತೀನಿ."

"ಇಲ್ಲಿ ಯಾರಿದ್ದಾರೆ ನಿಮಗೆ?"

"ಯಾರೂ ಇಲ್ಲ. ಚೆನ್ನಾಗಿದೆ, ಇಳೀತೀನಿ. ಬರುವಾಗ ಹತ್ತಿಸ್ಕೋ."

ಮೈಕಕ್ಕನಿಗೆ ದಾರಿಯುದ್ದಕ್ಕೂ ಅದೇ ದಿಗಿಲು. ವಾಪಸ್ಸು ಬರುವಾಗ ಮೋರಿ ಇನ್ನೂ ದೂರವಿರುವಾಗಲೇ ಬಾಗಿಲಲ್ಲಿ ನಿಂತು ಕತ್ತು ಚಾಚಿದಳು. ದೊಡ್ಡಕ್ಕ ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಹಣ್ಣಿನ ಗಾಡಿಯವಳು ಪಕ್ಕದಲ್ಲಿ, ಇನ್ನಿಬ್ಬರು ದಾರಿಹೋಕ ಹೆಂಗಸರು ಎದುರಿಗೆ. ದೊಡ್ಡಕ್ಕ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದರು. ಆ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

ಡ್ರೈವರ್ ಗಾಡಿ ನಿಲ್ಲಿಸಿದ. "ಬನ್ನಿ ದೊಡ್ಡಕ್ಕಾ, ಹತ್ತಿ" ಎಂದು ಮೈಕಕ್ಕ ಕೂಗಿದಳು.

ದೊಡ್ಡಕ್ಕ ಒಂದು ಗಳಿಗೆ ತಿರುಗಿ ನೋಡಿದರು. ಅರ್ಧಕ್ಕೆ ನಿಂತ ಮಾತನ್ನು ಬಿಟ್ಟೇಳಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ. "ನೀನು ಹೋಗು, ಮುಂದಿನ ಗಾಡಿಗೆ ಬರ್ತೀನಿ" ಎಂದು ಕೊಡೆ ಅಲ್ಲಾಡಿಸಿ, ಮತ್ತೆ ಆ ಹೆಂಗಸರತ್ತ ತಿರುಗಿದರು.